ಬರೆದಿಟ್ಟ ತಪ್ಪುಗಳು

1994ರ ನವೆಂಬರ್. ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೊ ಊರಿಗೆ ಕೆಲಸಕ್ಕೆಂದು ಬಂದು ನನಗೆ ಆರು ವಾರವಾಗಿತ್ತು. ಅಲ್ಲಿಯ ಮಳೆ ಮಲೆನಾಡಿನ ಮಳೆಯ ಹಾಗೆ ಧೋ ಎಂದು ಸುರಿದು ನಿಲ್ಲುವುದಿಲ್ಲ, ದಿನಗಟ್ಟಲೆ ಜಿನುಗುತ್ತಲೇ ಇರುತ್ತದೆ. ಅಂಥದೊಂದು ಸಂಜೆ ಪಕ್ಕದ ಬೀದಿಯಲ್ಲಿ ನಡೆದು ಹೋಗುವಾಗ ಅರ್ಧ ಎತ್ತಿದ್ದ ಗ್ಯಾರೇಜಿನ ಬಾಗಿಲಿನೊಳಗಿಂದ ಸದ್ದು ಬಂತು. ಟರ್ರ್ ಎಂದು ಒಂದು ಕ್ಷಣ, ಆಮೇಲೆ ಮೌನ, ಮತ್ತೆ ಟರ್ರ್. ರಿವೆಟ್ ಗನ್ನಿನ ಸದ್ದು ಅದು. ನಮ್ಮಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮೂವತ್ತು ವರ್ಷ ರಿವೆಟ್ ಹೊಡೆದವರು. ಕಿರಣ್ ತರಬೇತಿ ವಿಮಾನದ ರೆಕ್ಕೆ ಕಟ್ಟುವ ಕಡೆ ಬಹಳ ಕಾಲ ಇದ್ದರು. ಕಾರ್ಖಾನೆ ನೋಡಲು ಮನೆಯವರನ್ನು ಒಳಗೆ ಬಿಡುತ್ತಿದ್ದ ದಿನ ಅಪ್ಪನ ಕೈ ಹಿಡಿದು ಕೇಳಿದ್ದ ಸದ್ದು, ಹದಿಮೂರು ಸಾವಿರ ಕಿಲೋಮೀಟರು ದಾಟಿ ಬಂದ ಹಾಗಿತ್ತು.

ಒಳಗೆ ಎಪ್ಪತ್ತರ ಆಸುಪಾಸಿನ ಒಬ್ಬರು ವಿಮಾನ ಕಟ್ಟುತ್ತಿದ್ದರು. ಕಾರು ನಿಲ್ಲಬೇಕಾದ ಜಾಗದಲ್ಲಿ ನೆಲದಿಂದ ಸೂರಿನವರೆಗೆ ಮರದ ಕಂಬ ನೆಟ್ಟು, ಅವುಗಳ ನಡುವೆ ಒಂದು ರೆಕ್ಕೆಯನ್ನು ಅಡ್ಡಲಾಗಿ ನಿಲ್ಲಿಸಿದ್ದರು. ನಮ್ಮ ಗಾರೆ ಕೆಲಸದವರು ಗೋಡೆಗೆ ಹಿಡಿಯುವಂಥ ತೂಗುಗುಂಡುಗಳು ನಾಲ್ಕು ಕಡೆ ಇಳಿಬಿದ್ದಿದ್ದವು. ರೆಕ್ಕೆಯ ಎರಡು ತುದಿ ಒಂದೇ ಮಟ್ಟದಲ್ಲಿವೆಯೇ ಎಂದು ನೋಡಲು ನೀರು ತುಂಬಿದ ಪಾರದರ್ಶಕ ಪೈಪು. ಅದು ಆರ್‌ವಿ-6, ಇಬ್ಬರು ಪಕ್ಕಪಕ್ಕ ಕೂರುವ ವಿಮಾನ. ಅದರ ಕಿಟ್ ಬಂದಿದ್ದು ಹತ್ತಿರದ ನಾರ್ತ್ ಪ್ಲೇನ್ಸ್ ಊರಿನಿಂದ. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1970ರ ದಶಕದ ಆರಂಭದಲ್ಲಿ ಶುರುಮಾಡಿದ ಕಂಪನಿ ಆಗ ಅಲ್ಲಿತ್ತು. ಮನೆಯಲ್ಲಿ ವಿಮಾನ ಕಟ್ಟುವವರ ಪಾಲಿಗೆ ನಾನು ಗೊತ್ತಿಲ್ಲದೆಯೇ ಕ್ಷೇತ್ರದಲ್ಲೇ ಬಂದು ಇಳಿದಿದ್ದೆ.

ಅಮೆರಿಕದ ಕಾನೂನು ಇದಕ್ಕೆ ಅನುಮತಿ ಕೊಡುತ್ತದೆ. ವಿಮಾನದ ಹೆಚ್ಚಿನ ಭಾಗವನ್ನು, ಆಡುಮಾತಿನಲ್ಲಿ ಶೇ. 51ರಷ್ಟನ್ನು, ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ತಾನೇ ಕಟ್ಟಿದವನಿಗೆ ಅದನ್ನು ಹಾರಿಸುವ ಪರವಾನಗಿ ಸಿಗುತ್ತದೆ. ‘ಎಕ್ಸ್‌ಪೆರಿಮೆಂಟಲ್’ ಎಂಬ ಪದವನ್ನು ಒಳಗೆ ಹತ್ತುವವರಿಗೆ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಇಂಥವರ ಸಂಘವಾದ ಇಎಎಯನ್ನು ಪಾಲ್ ಪೊಬೆರೆಜ್ನಿ 1953ರಲ್ಲೇ ವಿಸ್ಕಾನ್ಸಿನ್‌ನಲ್ಲಿ ಕಟ್ಟಿದ್ದರು. ಅವರ ಜಾತ್ರೆ 1970ರಿಂದ ಬೇಸಿಗೆಗಳಲ್ಲಿ ಆಷ್‌ಕಾಷ್ ಊರಿನಲ್ಲಿ ನಡೆಯುತ್ತದೆ.

ಆ ಹಿರಿಯರ ಗ್ಯಾರೇಜಿಗೆ ನಾನು ಶನಿವಾರಗಳಲ್ಲಿ ಹೋಗತೊಡಗಿದೆ. ಅವರು ಗನ್ ಹಿಡಿದರೆ ನಾನು ತಗಡಿನ ಹಿಂದೆ ಉಕ್ಕಿನ ಬಕಿಂಗ್ ಬಾರ್ ಒತ್ತಿ ಹಿಡಿಯುತ್ತಿದ್ದೆ. ಅಪ್ಪ ಅದನ್ನು ಡಾಲಿ ಎನ್ನುತ್ತಿದ್ದರು. ಆ ಕಾಲದ ಕಿಟ್‌ನಲ್ಲಿ ಬರುತ್ತಿದ್ದದ್ದು ಒತ್ತಿ ರೂಪ ಕೊಟ್ಟ, ರೆಕ್ಕೆಗೆ ಪಕ್ಕೆಲುಬಿನಂಥ ರಿಬ್‌ಗಳು, ಕತ್ತರಿಸಿದ ತಗಡು ಮತ್ತು ನಕ್ಷೆಗಳು. ತೂತುಗಳೆಲ್ಲ ಕಟ್ಟುವವನವೇ. ರಿಬ್ಬಿನ ಮಡಿಕೆಯ ನಟ್ಟನಡುವೆ ಕಪ್ಪು ಪೆನ್ನಿನಲ್ಲಿ ಗೆರೆ ಎಳೆದು, ಮೇಲಿನ ತಗಡಿಗೆ ಅಳೆದು ತೂತು ಕೊರೆದು, ಆ ತೂತಿನಿಂದ ಬಗ್ಗಿ ನೋಡಿ, ಕಪ್ಪು ಗೆರೆ ಮಧ್ಯಕ್ಕೆ ಕಂಡಾಗ ಮಾತ್ರ ಡ್ರಿಲ್ ಒಳಗೆ ಇಳಿಸಬೇಕು. ಒಂದೊಂದು ತೂತೂ ಒಂದೊಂದು ನಿರ್ಧಾರ.

ನಿರ್ಧಾರಗಳು ಅಷ್ಟಿದ್ದ ಮೇಲೆ ತಪ್ಪುಗಳೂ ಇದ್ದವು. ಹಿರಿಯರು ಅವುಗಳನ್ನು ಸುಮ್ಮನೆ ಬಿಡುತ್ತಿರಲಿಲ್ಲ, ಮನಸ್ಸಿಗೂ ಹಚ್ಚಿಕೊಳ್ಳುತ್ತಿರಲಿಲ್ಲ. ತೂತು ಓರೆಯಾದರೆ ಸ್ಕೇಲ್ ಇಟ್ಟು ಅಳೆಯುತ್ತಿದ್ದರು. ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ದಪ್ಪದ ಎರಡರಷ್ಟು ದೂರ ಉಳಿದಿದ್ದರೆ ಮುಂದಿನ ತೂತಿಗೆ ಹೋಗುತ್ತಿದ್ದರು. ಉಳಿದಿಲ್ಲವಾದರೆ ಆ ರಿಬ್ ಗೋಡೆಯ ಮೂಲೆ ಸೇರುತ್ತಿತ್ತು. ಆ ಮೂಲೆಯಲ್ಲಿ ಐದಾರು ಬಿಡಿಭಾಗ ಒರಗಿದ್ದವು. ನಾಲ್ಕು ವರ್ಷದ ಬಳಿಕ ಅವರ ವಿಮಾನ ಹಾರಿತು. ಹತ್ತಿರ ಹೋದರೆ ಕೆಲವು ರಿವೆಟ್ ಸಾಲು ಸ್ವಲ್ಪ ಸೊಟ್ಟಗೆ ಕಾಣುತ್ತಿದ್ದವು. ಗಾಳಿಗೆ ಅದು ಕಾಣಲಿಲ್ಲ.

ಅಷ್ಟರಲ್ಲಿ ಈ ಕಸುಬು ಬದಲಾಗತೊಡಗಿತ್ತು. ಕಂಪ್ಯೂಟರ್ ನಡೆಸುವ ಯಂತ್ರಗಳು ತಗಡಿಗೂ ರಿಬ್ಬಿಗೂ ತೂತುಗಳನ್ನು ಮೊದಲೇ ಹೊಡೆದು ಕಳಿಸತೊಡಗಿದವು. ಎರಡೂ ತೂತು ಒಂದರ ಮೇಲೊಂದು ಕೂತರೆ ಭಾಗ ತಾನಾಗಿ ನೇರವಾಯಿತೆಂದೇ ಅರ್ಥ. 2001ರಲ್ಲಿ ಬಂದ ಆರ್‌ವಿ-7 ಹೀಗೆ ಬಂದ ಕಿಟ್. ಮರದ ಕಂಬ ಬೇಡ, ಹೆಚ್ಚಿನ ಕಡೆ ಕಪ್ಪು ಗೆರೆಯೂ ಬೇಡ. ಕ್ಲೀಕೊ ಎಂಬ ಸ್ಪ್ರಿಂಗ್ ಪಿನ್ನುಗಳನ್ನು ತೂತಿಗೆ ಚುಚ್ಚಿದರೆ ರೆಕ್ಕೆ ಮೇಜಿನ ಮೇಲೆಯೇ ಆಕಾರಕ್ಕೆ ಬರುತ್ತದೆ. 2003ರಲ್ಲಿ ನಾನು ಅದರ ಬಾಲದ ಕಿಟ್ ತರಿಸಿದೆ. ಬಹುತೇಕ ಎಲ್ಲರೂ ಬಾಲದಿಂದಲೇ ಶುರುಮಾಡುತ್ತಾರೆ. ಚಿಕ್ಕದು, ಕೈ ಪಳಗುತ್ತದೆ, ಕೆಟ್ಟರೆ ನಷ್ಟ ಕಡಿಮೆ.

ಯಂತ್ರವೇ ತೂತು ಹೊಡೆದಿದೆ, ಇನ್ನು ತಪ್ಪುವುದಕ್ಕೆ ಏನಿದೆ ಎಂದು ನಾನು ನಂಬಿದ್ದೆ. ಆದದ್ದು ಬೇರೆ. ತೂತುಗಳೆಲ್ಲ ಕೂದಲೆಳೆ ತಪ್ಪದೆ ಸಾಲಾಗಿರುವಾಗ ನನ್ನ ಕೈಯ ಪ್ರತಿ ಓರೆಕೋರೆ ಎದ್ದು ಕಾಣುತ್ತಿತ್ತು. ಹಿರಿಯರ ತಗಡಿನಲ್ಲಿ ಒಂದು ಸೊಟ್ಟ ರಿವೆಟ್ ಹತ್ತರಲ್ಲಿ ಹನ್ನೊಂದಾಗಿತ್ತು. ನನ್ನದರಲ್ಲಿ ಅದು ಬಿಳಿ ಪಂಚೆಯ ಮೇಲಿನ ಸಾರಿನ ಕಲೆ. ಗನ್ ಜಾರಿದರೆ ತಗಡಿನ ಮೇಲೆ ಅರ್ಧಚಂದ್ರದ ಗುರುತು ಬೀಳುತ್ತದೆ, ಅಲ್ಲಿಯವರು ಅದನ್ನು ಸ್ಮೈಲಿ ಎನ್ನುತ್ತಾರೆ. ಅಂಥದೊಂದು ಬಿದ್ದ ರಾತ್ರಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಸಂಘದ ಗೆಳೆಯರೂ ಒಬ್ಬರ ಗ್ಯಾರೇಜಿಗೆ ಒಬ್ಬರು ಟಾರ್ಚ್ ಹಿಡಿದು ಬರುತ್ತಿದ್ದರು. ಆಷ್‌ಕಾಷ್‌ನಲ್ಲಿ ಮೊದಲ ಬಹುಮಾನ ಪಡೆದ ವಿಮಾನಗಳ ಕನ್ನಡಿಯಂಥ ಮೈ ಎಲ್ಲರ ಕಣ್ಣಿನಲ್ಲಿ ಅಳತೆಗೋಲಾಗಿ ಕೂತಿತ್ತು.

ಬೆಳಿಗ್ಗೆ ಎದ್ದು ನಾನು ಆ ರಿವೆಟ್ಟನ್ನು ತೆಗೆಯುತ್ತಿದ್ದೆ. ತಲೆಯ ನಡುವೆ ಕೊರೆದು, ತಲೆ ಮುರಿದು, ಉಳಿದ ಕಾಂಡವನ್ನು ಹಿಂದಕ್ಕೆ ತಟ್ಟಿ ಉರುಳಿಸಬೇಕು. ಅರ್ಧ ಮಿಲಿಮೀಟರ್ ದಪ್ಪದ ತಗಡಿನಲ್ಲಿ ಡ್ರಿಲ್ ಒಂದಿಷ್ಟು ಆಚೀಚೆ ಆದರೂ ಗುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದರಲ್ಲಿ ಹೊಸ ರಿವೆಟ್ ಸರಿಯಾಗಿ ತುಂಬುವುದಿಲ್ಲ. ಅದನ್ನೂ ತೆಗೆಯುತ್ತಿದ್ದೆ. ಹೀಗೆ ಬಾಲದ ರಡ್ಡರ್ ಒಂದು ಹಾಳಾಯಿತು, ಹೊಸ ತಗಡು ತರಿಸಿದೆ. ಅದರಲ್ಲೂ ಒಂದು ಗುರುತು ಬಿತ್ತು. 2004ರ ಚಳಿಗಾಲದಲ್ಲಿ ಗ್ಯಾರೇಜಿನ ದೀಪ ಆರಿಸಿದವನು ತಿಂಗಳುಗಟ್ಟಲೆ ಹಾಕಲಿಲ್ಲ. ಕೆಲಸ ಕಷ್ಟವೆಂದಲ್ಲ, ಇನ್ನೊಂದು ತಪ್ಪು ಮಾಡುವುದಕ್ಕೆ ಧೈರ್ಯ ಸಾಲಲಿಲ್ಲ.

2005ರ ಜೂನ್‌ನಲ್ಲಿ ಅಪ್ಪ ಅಮ್ಮ ಬೆಂಗಳೂರಿನಿಂದ ಬಂದರು. ಅಪ್ಪನಿಗೆ ಆಗ ಎಪ್ಪತ್ತೊಂದು. ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದೇ ಗ್ಯಾರೇಜಿಗೆ ಇಳಿದರು. ದೊಡ್ಡ ದೀಪ ಆರಿಸು ಎಂದರು. ಟಾರ್ಚನ್ನು ತಗಡಿಗೆ ಓರೆಯಾಗಿ ಹಿಡಿದು ಬೆರಳ ತುದಿಯಿಂದ ಸಾಲುಗಳನ್ನು ಸವರುತ್ತಾ ಹೋದರು. ಎರಡನೇ ರಡ್ಡರಿನ ಹತ್ತಿರ ಬೆರಳು ನಿಂತಿತು.

“ಇದನ್ನ ಎಷ್ಟು ಸಲ ತೆಗೆದು ಹೊಡೆದಿದ್ದೀಯೋ?”

“ಮೂರು ಸಲ ಅಪ್ಪ.”

“ಮೊದಲನೇದಕ್ಕೆ ಏನಾಗಿತ್ತು?”

“ತಲೆ ಸ್ವಲ್ಪ ಓರೆ ಕೂತಿತ್ತು.”

“ಅದೇ ಚೆನ್ನಾಗಿತ್ತು ಕಣೋ. ಈಗ ನೋಡು, ತೂತೇ ಹೋಯ್ತು.”

ಆಮೇಲೆ ಅಡ್ಡ ಬಾಲದ ಕಡೆ ತಿರುಗಿದರು. ಅದರ ಹಿಂದಿನ ಸ್ಪಾರ್, ಅಂದರೆ ಉದ್ದಕ್ಕೂ ಹಾಯುವ ತೊಲೆ, ಇನ್ನೂ ಮುಚ್ಚಿರಲಿಲ್ಲ. ಒಳಗೆ ಮುಂದಿನ ಸ್ಪಾರ್‌ಗೆ ಬಲ ಕೊಡಲು ಅಲ್ಯೂಮಿನಿಯಂ ಆಂಗಲ್ ಪಟ್ಟಿಗಳಿವೆ. ಯಂತ್ರದ ತೂತುಗಳ ನಡುವೆ ಕಟ್ಟುವವನೇ ಅಳೆದು ಕೊರೆಯಬೇಕಾದ ತೂತುಗಳು ಉಳಿದಿದ್ದದ್ದು ಅಲ್ಲೇ. ಅಪ್ಪ ಬಗ್ಗಿ ನೋಡಿ “ಸ್ಕೇಲ್ ಕೊಡು” ಎಂದರು. ಅಲ್ಲಿ 3.2 ಮಿಲಿಮೀಟರ್ ರಿವೆಟ್, ಅಂಚಿಗೆ 6.4 ಮಿಲಿಮೀಟರ್ ಜಾಗ ಬೇಕು. ಒಂದು ತೂತಿಗೆ ಇದ್ದದ್ದು ನಾಲ್ಕೂವರೆ. ಅಂಚು ಕಡಿಮೆಯಾದರೆ ಎಳೆತ ಬಿದ್ದಾಗ ರಿವೆಟ್ ತಗಡನ್ನು ಹರಿದುಕೊಂಡು ಹೊರಬರಬಹುದು. ಬಾಲದ ಭಾರವೆಲ್ಲ ಹಾಯುವ ಜಾಗ ಅದು. ಆ ರಿವೆಟ್ಟಿನ ತಲೆ ಮಾತ್ರ ಗುಂಡಗೆ, ಹೊಳಪಾಗಿ, ನೋಡಲು ಬಲು ಚೆಂದವಾಗಿತ್ತು. ಅದಕ್ಕೇ ನಾನು ಅದನ್ನು ಎರಡನೇ ಸಲ ನೋಡಿರಲಿಲ್ಲ.

ಆ ಬೆಳಿಗ್ಗೆ ನನಗೆ ನಿಜವಾಗಿ ಭಯವಾಯಿತು. ಒಂದೂವರೆ ವರ್ಷ ನಾನು ಕಣ್ಣಿಗೆ ಚುಚ್ಚಿದ ತಪ್ಪುಗಳ ಬೆನ್ನು ಹತ್ತಿದ್ದೆ. ವಿಮಾನಕ್ಕೆ ಚುಚ್ಚುವ ತಪ್ಪು ಮೊದಲಿನಿಂದಲೂ ಅಲ್ಲೇ ಕೂತಿತ್ತು.

ಅಪ್ಪ ಬೈಯಲಿಲ್ಲ. “ಇದನ್ನೆಲ್ಲ ಎಲ್ಲಾದರೂ ಬರೆದಿಟ್ಟಿದ್ದೀಯಾ?” ಎಂದು ಕೇಳಿದರು. ಇಲ್ಲ ಎಂದೆ. ಕಾರ್ಖಾನೆಯಲ್ಲಿ ‘ಕನ್ಸೆಷನ್’ ಎಂಬ ಕ್ರಮವಿರುತ್ತದೆ ಎಂದು ಆಗ ಹೇಳಿದರು. ನಕ್ಷೆಗೆ ಹೊಂದದ ಕೆಲಸವಾದರೆ ಅದನ್ನು ಮುಚ್ಚಿಡುವಂತಿಲ್ಲ, ಹೊಡೆದವನೇ ಗುಟ್ಟಾಗಿ ಸರಿಪಡಿಸುವಂತೆಯೂ ಇಲ್ಲ. ಎಲ್ಲಿ, ಏನು, ಎಷ್ಟು ಎಂದು ಬರೆದು ಕಳಿಸಬೇಕು. ಗೊತ್ತಿದ್ದವರು ಲೆಕ್ಕ ಹಾಕಿ ಹಾಗೇ ಇರಲಿ, ದುರಸ್ತಿ ಮಾಡಿ, ಅಥವಾ ಬಿಸಾಕಿ ಎಂದು ತೀರ್ಮಾನ ಕೊಡುತ್ತಾರೆ. “ತಪ್ಪೇ ಆಗದ ವಿಮಾನ ನಾನು ಒಂದೂ ನೋಡಿಲ್ಲ. ಬರೆದಿರೋ ತಪ್ಪಿಗೆ ಒಬ್ಬ ಯಜಮಾನ ಇರ್ತಾನೆ” ಎಂದರು.

ಅಂಗಡಿಯಿಂದ ನೂರು ಪುಟದ ನೋಟ್‌ಬುಕ್ ತಂದೆವು. ಅಪ್ಪನೇ ಗೆರೆ ಹಾಕಿದರು. ನಂಬರು, ಜಾಗ, ಇರುವ ಅಳತೆ, ಇರಬೇಕಾದ ಅಳತೆ, ತೀರ್ಮಾನ, ಸಹಿ. ಮೊದಲನೇ ನಂಬರು ಆ ಆಂಗಲ್ ಪಟ್ಟಿ: ‘ಬದಲಿಸಿದೆ.’ ಕನ್ನಡದಲ್ಲೇ ಬರೆದರು. ಎರಡು ದಿನ ಕೂತು ಆ ಪಟ್ಟಿಯ ರಿವೆಟ್‌ಗಳನ್ನು ತೆಗೆದು ತೋರಿಸಿದರು. ಡ್ರಿಲ್ಲಿನ ತುದಿ ತಲೆಯ ನಟ್ಟನಡುವೆ ಕೂರುವ ತನಕ ಗುಂಡಿ ಒತ್ತಬಾರದು, ತಲೆಯ ಆಳಕ್ಕಿಂತ ಕೆಳಗೆ ಇಳಿಸಬಾರದು. ಒಂದು ತೂತೂ ಹಿಗ್ಗಲಿಲ್ಲ. ಎರಡನೇ ನಂಬರು ರಡ್ಡರಿನ ಎಡಮೈಯ ಒಂದು ಸ್ಮೈಲಿ. ಅಪ್ಪ ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಎಳೆದರು, ಉಗುರು ಸಿಕ್ಕಿಕೊಳ್ಳಲಿಲ್ಲ. ಉಗುರು ಸಿಕ್ಕಿಕೊಂಡರೆ ಬಿರುಕು ಅಲ್ಲಿಂದ ಹುಟ್ಟಬಹುದು, ಉಜ್ಜಿ ನುಣುಪು ಮಾಡಬೇಕು. ತೀರ್ಮಾನದ ಕಡೆ ಬರೆದರು: ‘ಬಿಟ್ಟಿದೆ.’

ಆ ಒಂದು ಪದ ನನ್ನ ಕೈ ಬಿಡಿಸಿತು. ಹೊಡೆದ ಮೇಲೆ ರಿವೆಟ್ಟಿನ ಒಳತಲೆ ಕಾಂಡದ ಒಂದೂವರೆಯಷ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು. ಅಳೆದೆ. ಅಷ್ಟಿದ್ದರೆ ಮುಂದಕ್ಕೆ ಹೋದೆ. ಒಂದಿಷ್ಟು ಹೆಚ್ಚುಕಡಿಮೆ ಇದ್ದರೆ, ತೆಗೆದು ತೂತು ಕೆಡಿಸುವುದಕ್ಕಿಂತ ಇರುವುದೇ ಗಟ್ಟಿಯೇ ಎಂದು ಯೋಚಿಸಿ ಬರೆದೆ. ನನಗೆ ತಿಳಿಯದ್ದನ್ನು ಅಳತೆ ಸಮೇತ ಕಿಟ್ ಕಂಪನಿಯ ಎಂಜಿನಿಯರುಗಳಿಗೆ ಬರೆದು ಕೇಳಿದೆ. ಇಎಎಯ ತಾಂತ್ರಿಕ ಸಲಹೆಗಾರರೊಬ್ಬರು ಮೂರು ಸಲ ಮನೆಗೆ ಬಂದು ನೋಡಿದರು. ಅನುಭವಿಗಳಾದ ಅವರು ಹಣ ಮುಟ್ಟುವುದಿಲ್ಲ. 2011ರಲ್ಲಿ ವಿಮಾನ ಮುಗಿಯುವ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ 53 ನಂಬರುಗಳಿದ್ದವು. ಬದಲಿಸಿದ್ದು 12, ಬಿಟ್ಟಿದ್ದು 41.

ಪುಟಗಳು ತುಂಬುತ್ತ ಹೋದ ಹಾಗೆ ನನ್ನ ಎಚ್ಚರ ಜಾಗ ಬದಲಿಸಿತು. ಪೆಟ್ರೋಲಿನ ಪೈಪು, ಅದರ ಜೋಡಣೆ, ಎಂಜಿನ್ನಿಗೆ ಹೋಗುವ ಹೋಸು, ಬಿಗಿದಿದ್ದೇನೆ ಎಂದುಕೊಂಡ ನಟ್ಟುಗಳ ಕಡೆಗೆ ತಿರುಗಿತು. ಸರಿಯಾಗಿ ಬಿಗಿದ ಪ್ರತಿ ನಟ್ಟಿನ ಮೇಲೂ ಬಣ್ಣದ ಒಂದು ಗೆರೆ ಎಳೆದೆ, ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳ ಬಗ್ಗೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ವರದಿ ಕೊಟ್ಟಿತು. ಎಂಜಿನ್ ಕೈಕೊಡುವುದು, ಹಾರಾಟದಲ್ಲಿ ಹಿಡಿತ ತಪ್ಪುವುದು, ಇವೇ ಮುಖ್ಯ ಕಾರಣಗಳೆಂದು ಅದು ಹೇಳಿತು. ಅದನ್ನು ಓದಿದಾಗ ನನಗೆ ರಡ್ಡರಿನ ಸ್ಮೈಲಿಗಾಗಿ ಕೆಟ್ಟ ರಾತ್ರಿಗಳ ನೆನಪಾಯಿತು. ಆ ರಾತ್ರಿಗಳನ್ನು ಪೈಪುಗಳಿಗೆ ಕೊಡಬೇಕಿತ್ತು.

ಈಗ ನಾನೇ ಸಲಹೆಗಾರನಾಗಿ ಬೇರೆಯವರ ಗ್ಯಾರೇಜುಗಳಿಗೆ ಹೋಗುತ್ತೇನೆ. 2012ರಲ್ಲಿ ಬಂದ ಆರ್‌ವಿ-14ರಂಥ ಕಿಟ್‌ಗಳಲ್ಲಿ ಬಹಳಷ್ಟು ತೂತುಗಳು ಪೂರ್ತಿ ಅಳತೆಗೇ ಬರುತ್ತವೆ, ಡ್ರಿಲ್ ಮುಟ್ಟುವ ಕೆಲಸ ತೀರಾ ಕಡಿಮೆ. ಕೆಲಸ ಬೇಗ ಸಾಗುತ್ತದೆ, ವಿಮಾನಗಳು ಹಿಂದೆಂದೂ ಇಲ್ಲದಷ್ಟು ನೇರವಾಗಿವೆ. ಇದು ಒಳ್ಳೆಯದೇ. ಆದರೆ ಹೋದದ್ದೂ ಒಂದಿದೆ. ಕಪ್ಪು ಗೆರೆಯನ್ನು ತೂತಿನಲ್ಲಿ ಹುಡುಕುತ್ತಿದ್ದವನಿಗೆ ದಿನಕ್ಕೆ ಹತ್ತು ಸಲ ‘ಇಷ್ಟು ಸಾಕೇ?’ ಎಂದು ಕೇಳಿಕೊಳ್ಳುವ ಅಭ್ಯಾಸವಿತ್ತು. ಆ ಪ್ರಶ್ನೆಗೆ ಸ್ಕೇಲ್ ಹಿಡಿದು ಉತ್ತರ ಹೇಳುತ್ತ ಅವನು ಕಲಿಯುತ್ತಿದ್ದ. ಎಲ್ಲವೂ ಸರಿಯಾಗಿಯೇ ಬರುವ ಕಿಟ್‌ನ ಮುಂದೆ ಕೂತವನಿಗೆ ಮೊದಲ ತಪ್ಪು ಬರಸಿಡಿಲು. ಮುಸುಕು ಹೊದ್ದ ಅರ್ಧ ವಿಮಾನಗಳನ್ನು ಎಷ್ಟೋ ಗ್ಯಾರೇಜುಗಳಲ್ಲಿ ನೋಡಿದ್ದೇನೆ. ಕೆಲವು ಹಣಕ್ಕೆ, ಕೆಲವು ಸಂಸಾರದ ಕಾರಣಕ್ಕೆ ನಿಂತವು. ಆದರೆ ಹೆಚ್ಚು ಸಂಕಟವಾಗುವುದು, ಕೆಲಸ ಅಚ್ಚುಕಟ್ಟಾಗಿದ್ದೂ ಒಂದು ಗೀರಿಗೆ ಹೆದರಿ ನಿಂತ ವಿಮಾನ ಕಂಡಾಗ. ಅಂಥಲ್ಲಿಗೆ ಹೋಗುವಾಗ ಚೀಲದಲ್ಲಿ ಆ ನೋಟ್‌ಬುಕ್ ಇಟ್ಟುಕೊಂಡೇ ಹೋಗುತ್ತೇನೆ. ಕನ್ನಡ ಓದಲು ಬಾರದವರಿಗೂ 41ರ ಮುಂದೆ ಒಂದೇ ಪದ ಮತ್ತೆ ಮತ್ತೆ ಬರುವುದು ಕಾಣುತ್ತದೆ. ಅದೇನೆಂದು ಕೇಳುತ್ತಾರೆ. ಹೇಳುತ್ತೇನೆ.

2012ರ ಬೇಸಿಗೆಯಲ್ಲಿ ಅಪ್ಪ ಇನ್ನೊಮ್ಮೆ ಬಂದರು. ಪರೀಕ್ಷಾ ಹಾರಾಟದ ನಲವತ್ತು ಗಂಟೆ ಅಷ್ಟರಲ್ಲಿ ಮುಗಿದಿತ್ತು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದಿತ್ತು. ಹ್ಯಾಂಗರಿನ ಬಾಗಿಲು ಸರಿಸಿದೆ. ಬಿಳಿ ಬಣ್ಣ, ನೀಲಿ ಪಟ್ಟಿ, ಬೆಳಗಿನ ಬಿಸಿಲು. ಅಪ್ಪ ಮುಂದೆ ಬಂದು ಪ್ರೊಪೆಲ್ಲರ್ ನೋಡಲಿಲ್ಲ, ಕೂರುವ ಜಾಗ ನೋಡಲಿಲ್ಲ. ನೇರ ಬಾಲದ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡರು.

“ಎರಡನೇ ನಂಬರು ಎಲ್ಲೋ?”

ಬಣ್ಣದಡಿಯಲ್ಲಿ ಅದು ಅಷ್ಟು ಸುಲಭಕ್ಕೆ ಕಾಣುತ್ತಿರಲಿಲ್ಲ. ಅವರ ಬೆರಳು ಹಿಡಿದು ತೋರಿಸಿದೆ. ಉಗುರಿನಿಂದ ಒಮ್ಮೆ ಸವರಿದರು. “ಹಾಗೇ ಇದೆ” ಎಂದರು. ಆಮೇಲೆ ರೆಕ್ಕೆಯ ಮೇಲೆ ಕಾಲಿಟ್ಟು, ನನ್ನ ಭುಜ ಹಿಡಿದುಕೊಂಡು ಹತ್ತಿ ಕೂತರು.