ಓಲೆಗೇರದ ಮದ್ದು

ಕನ್ನಡ ವೈದ್ಯಸಾಹಿತ್ಯದ ಆದಿಭಾಗ ಬಹುಮಟ್ಟಿಗೆ ಜೈನರ ಕೊಡುಗೆ. ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ಗಳಲ್ಲಿ ಪಶುರೋಗದಿಂದ ಹಾವಿನ ವಿಷದವರೆಗೆ ಚಿಕಿತ್ಸೆಗಳಿವೆ. ಕರ್ತೃಗಳೆಲ್ಲ ಪುರುಷರು. ಬೇರನ್ನು ಅಗೆದು ತಂದು, ತೊಳೆದು, ಅರೆದು, ಕಷಾಯವನ್ನು ಎಂಟರಲ್ಲೊಂದು ಪಾಲಿಗೆ ಇಳಿಸಿದ ಕೈ ಯಾರದೆಂದು ಗ್ರಂಥ ಹೇಳುವುದಿಲ್ಲ.

ಜರ್ಮನಿಯ ಮರಿಯಾ ಆಂಡ್ರೆಯೆ ಈ ಮಟ್ಟಿಗೆ ಅದೃಷ್ಟವಂತೆ. ವಿಧವೆಯಾದ ಬಳಿಕ, 17ನೆಯ ಶತಮಾನದ ಆರಂಭದಲ್ಲಿ, ಆಕೆ ಸ್ಟುಟ್‌ಗಾರ್ಟಿನಲ್ಲಿ ಡಚೆಸ್ ಸಿಬಿಲ್ಲಾಳ ಔಷಧಶಾಲೆಯನ್ನು ನಡೆಸಿದಳು. ಮಗ ಯೋಹಾನ್ ವ್ಯಾಲೆಂಟಿನ್ ಆಂಡ್ರೆಯೆ ಲೇಖಕನಾಗಿದ್ದು ತಾಯಿಯ ಬಗೆಗೂ ಬರೆದನು.

ನಮ್ಮಲ್ಲಿ ಹಾಗೆ ಹೆಸರುಳಿದವರು ವಿರಳ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಂಥವರಲ್ಲೊಬ್ಬರು. ಅಕ್ಷರ ಬಾರದ ಈ ತಾಯಿ ಹೆರಿಗೆಯ ವಿದ್ಯೆಯನ್ನು ಅಜ್ಜಿ ಮರಿಗೆಮ್ಮನಿಂದ ಕಲಿತರು. ಬಸುರಿಯರಿಗೆ ಕೊಡುವ ಗಿಡಮೂಲಿಕೆಯ ಮದ್ದನ್ನು ಊರಿಗೆ ಬಂದುಹೋಗುತ್ತಿದ್ದ ಅಲೆಮಾರಿಗಳಿಂದ ಕಲಿತರು. ಎಂಥ ಗುರುಪರಂಪರೆ! ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರನ್ನು ಕುರಿತ ಬರಹಗಳೆಲ್ಲ ಸಾಮಾನ್ಯವಾಗಿ 15,000ಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕವನ್ನು ಕೊಡುತ್ತವೆ. ಮದ್ದಿನ ಮಾತು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಯಾವ ಬೇರು, ಎಷ್ಟು ತೂಕ, ಯಾವ ತಿಂಗಳಿಗೆ ಎಂಬುದನ್ನಲ್ಲವೆ ಕೇಳಬೇಕಾಗಿದ್ದುದು?

ಇದೇ ಪ್ರಶ್ನೆ ಉತ್ತರ ಕನ್ನಡದ ಕಾಡಿನಲ್ಲಿ ಇನ್ನೂ ಜೀವಂತವಾಗಿದೆ. ಮುಂಡಗೋಡಕ್ಕೆ 1966ರ ಸುಮಾರಿಗೆ ಬಂದು ನೆಲೆಸಿದ ಟಿಬೆಟನ್ನರು ದೇಶವನ್ನು ಕಳೆದುಕೊಂಡಿದ್ದರೂ ವೈದ್ಯವನ್ನು ಕಳೆದುಕೊಳ್ಳಲಿಲ್ಲ, ಅದು ಗ್ರಂಥಸ್ಥವಾಗಿತ್ತು. ಹಳಿಯಾಳದ ಸಿದ್ದಿ, ಜೋಯಿಡಾದ ಕುಣಬಿ ಹೆಂಗಸರ ಮನೆಮದ್ದಿಗೆ ಓಲೆಯಿಲ್ಲ. ಬಿಸಿಲುಗಾಲದಲ್ಲಿ ಎಲೆಯುದುರಿದ ಬಳ್ಳಿಯನ್ನು ತೊಗಟೆ ಕೆರೆದು ವಾಸನೆಯಿಂದ ಗುರುತಿಸುವುದು ಬಾಯಿಪಾಠದಿಂದಲೂ ಬರುವಂಥದ್ದಲ್ಲ. ಕಾಡಿಗೆ ಜೊತೆಯಲ್ಲಿ ಹೋಗಬೇಕು. ಆ ಕಾಡಿನ ಒಂದು ಭಾಗ ಸೂಪಾ ಜಲಾಶಯದಲ್ಲಿ ಮುಳುಗಿತು. ದಾಂಡೇಲಿ–ಅಣಶಿಯ ಅರಣ್ಯ ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹುಲಿ ಉಳಿಯಬೇಕು, ನಿಜ. ಆದರೆ ಹಾಡಿ ಬಿಟ್ಟು ಹೊರಬಂದ ಕುಟುಂಬಕ್ಕೆ ಪರಿಹಾರದ ಲೆಕ್ಕವುಂಟು. ಅಜ್ಜಿಯ ಮದ್ದಿಗೆ ಕಲಮು ಇಲ್ಲ. ಮೊಮ್ಮಗಳು ಕೇಳಿದರೆ ಆಕೆ ಬಳ್ಳಿಯ ಹೆಸರನ್ನು ಕೊಂಕಣಿಯಲ್ಲಿ ಹೇಳಿಯಾಳು. ತೋರಿಸಲು ಬಳ್ಳಿ ಅಲ್ಲಿರುವುದಿಲ್ಲ.