ಎರಡನೆಯ ಜನ್ಮದಿನಾಂಕ

2000ದ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾ ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆ ಬುಕ್ಕಿಯೊಬ್ಬನ ಜೊತೆ ಫೋನಿನಲ್ಲಿ ಆಡಿದ ಮಾತುಗಳನ್ನು ದೆಹಲಿ ಪೊಲೀಸರು ಬಯಲಿಗೆಳೆದರು. ಆಗಷ್ಟೇ ನನಗೆ ಮೇಷ್ಟ್ರ ಕೆಲಸ ಸಿಕ್ಕಿತ್ತು. ಮೊದಲು ನಾನು ನಂಬಲೇ ಇಲ್ಲ. ಕೆಲವೇ ದಿನಗಳಲ್ಲಿ ಕ್ರೋನಿಯೆ ದುಡ್ಡು ಪಡೆದದ್ದನ್ನು ಒಪ್ಪಿಕೊಂಡ. ವರ್ಷ ಮುಗಿಯುವ ಹೊತ್ತಿಗೆ ನಮ್ಮ ಅಜರುದ್ದೀನ್ ಮೇಲೂ ಆಜೀವ ನಿಷೇಧ ಬಿತ್ತು. ಮುಂದೆ 2012ರಲ್ಲಿ ಆಂಧ್ರ ಹೈಕೋರ್ಟ್ ಆ ನಿಷೇಧ ಸರಿಯಲ್ಲ ಎಂದಿತು, ನಿಜ. ಆದರೆ ಅಜರ್ ಥರವೇ ಶರ್ಟಿನ ಕಾಲರ್ ಎತ್ತಿಕೊಂಡು ಪಾಯಿಂಟ್‌ನಲ್ಲಿ ನಿಲ್ಲುತ್ತಿದ್ದ ನನ್ನಂಥವರಿಗೆ ಆವತ್ತು ಮನೆಯವರೇ ಕೈಕೊಟ್ಟ ಹಾಗಾಗಿತ್ತು.

2013ರ ಮೇ ತಿಂಗಳಲ್ಲಿ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಆರೋಪದ ಮೇಲೆ ರಾಜಸ್ಥಾನ ತಂಡದ ಮೂವರ ಬಂಧನವಾಯಿತು. 2015ರಲ್ಲಿ ನ್ಯಾಯಮೂರ್ತಿ ಲೋಧಾ ಸಮಿತಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳನ್ನು ಎರಡು ವರ್ಷ ಅಮಾನತಿನಲ್ಲಿಟ್ಟಿತು. ಇದನ್ನೆಲ್ಲ ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ, ಸಿಟ್ಟಿನಿಂದಲೇ ಹೇಳುತ್ತಿದ್ದೆ. ಅದೇ 2015ರ ಡಿಸೆಂಬರ್‌ನಲ್ಲಿ ರಾಹುಲ್ ದ್ರಾವಿಡ್ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟರು. ಕಿರಿಯರ ಕ್ರಿಕೆಟ್‌ನಲ್ಲಿ ವಯಸ್ಸು ಮುಚ್ಚಿಡುವುದೂ ಫಿಕ್ಸಿಂಗ್‌ನಷ್ಟೇ ದೊಡ್ಡ ಭ್ರಷ್ಟಾಚಾರ ಎಂದರು. ಹೆತ್ತವರೂ ಕೋಚೂ ಸೇರಿ ಸುಳ್ಳು ಜನನ ಪ್ರಮಾಣಪತ್ರ ಮಾಡಿಸುವುದನ್ನು ಕಣ್ಣಾರೆ ಕಂಡ ಮಗು ಮೋಸ ಮಾಡಲು ಕಲಿಯದೆ ಇದ್ದೀತೇ ಎಂದು ಕೇಳಿದರು. ಪತ್ರಿಕೆಯಲ್ಲಿ ಬಂದ ಆ ವರದಿಯನ್ನು ಕತ್ತರಿಸಿ ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಿದವನು ನಾನೇ.

ಮರುವರ್ಷ ನನ್ನ ಮಗನಿಗೆ ಹದಿನಾಲ್ಕು. ಚಳ್ಳಕೆರೆ ಕಡೆಯ ಮೈದಾನಗಳಲ್ಲಿ, ನಾಲ್ಕೂ ಅಂಚಿಗೆ ಮೊಳೆ ಹೊಡೆದು ಬಿಗಿದ ನಾರಿನ ಮ್ಯಾಟಿನ ಮೇಲೆ ಆಡಿ ಬೆಳೆದ ಹುಡುಗ. ಕಟ್ ಶಾಟ್ ಚೆನ್ನಾಗಿ ಹೊಡೆಯುತ್ತಿದ್ದ. ಅವನ ಕೋಚ್ ಒಂದು ಸಂಜೆ ನನ್ನನ್ನು ಪಕ್ಕಕ್ಕೆ ಕರೆದರು. “ಸಾರ್, ಇಲ್ಲಿ ಎಲ್ಲರೂ ಎರಡು ವರ್ಷ ಕಮ್ಮಿ ಮಾಡಿಸಿಯೇ ಆಡಿಸೋದು. ನೀವೊಬ್ಬರು ಹರಿಶ್ಚಂದ್ರ ಆಗೋಕೆ ಹೋದ್ರೆ ಹುಡುಗನಿಗೇ ನಷ್ಟ.”

ಆ ರಾತ್ರಿ ನಾನು ಕಟ್ಟಿಕೊಂಡ ಸಮರ್ಥನೆಯನ್ನು ಇಲ್ಲಿ ಬರೆಯಲೇಬೇಕು. ನನ್ನ ಸ್ವಂತ ಜನ್ಮದಿನಾಂಕವೇ ಜೂನ್ 1. ಶಾಲೆಗೆ ಸೇರಿಸುವಾಗ ಅವ್ವನಿಗೆ ದಿನ ನೆನಪಿರಲಿಲ್ಲ, ಮೇಷ್ಟ್ರು ಕೈಗೆ ಬಂದದ್ದು ಬರೆದರು. ನನ್ನ ವಯಸ್ಸಿನ ಅರ್ಧ ತಾಲ್ಲೂಕು ಹುಟ್ಟಿದ್ದು ಜೂನ್ 1ಕ್ಕೇ. ಹಾಗಿರುವಾಗ ಕಾಗದದ ಮೇಲಿನ ಒಂದು ತಾರೀಕಿಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎಂದುಕೊಂಡೆ. ಈ ಎರಡರ ನಡುವಿನ ಅಂತರ ನನಗೆ ಚೆನ್ನಾಗಿಯೇ ಗೊತ್ತಿತ್ತು. ಆ ಮೇಷ್ಟ್ರು ಬರೆದ ತಾರೀಕಿನಿಂದ ಯಾರ ಜಾಗವೂ ಹೋಗಿರಲಿಲ್ಲ.

ಏಜೆಂಟ್ ಒಬ್ಬ ಸಿಕ್ಕಿದ. ಮಗು ಅಜ್ಜಿಯ ಊರಲ್ಲಿ, ಮನೆಯಲ್ಲೇ ಹುಟ್ಟಿತು, ಆಗ ನೋಂದಣಿ ಮಾಡಿಸಿರಲಿಲ್ಲ ಎಂದು ನಾನು ಅಫಿಡವಿಟ್‌ಗೆ ಸಹಿ ಹಾಕಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗನ ಅಸಲಿ ಪ್ರಮಾಣಪತ್ರ ಮನೆಯ ಟ್ರಂಕಿನಲ್ಲಿತ್ತು.

ಹದಿನಾಲ್ಕು ವರ್ಷದೊಳಗಿನವರ ಆಯ್ಕೆಗೆ ಹೋದಾಗ ನನ್ನ ಮಗ ಉಳಿದವರಿಗಿಂತ ಒಂದು ತಲೆ ಎತ್ತರ. ಅವನು ಆಯ್ಕೆಯಾದ. ಆಗದೆ ಉಳಿದವರಲ್ಲಿ ನಮ್ಮೂರಿನವನೇ ಇನ್ನೊಬ್ಬನಿದ್ದ, ಶೇಂಗಾ ಮಂಡಿಯ ಹಮಾಲಿಯೊಬ್ಬರ ಮಗ, ಬ್ಯಾಟ್ಸ್‌ಮನ್. ಪ್ಯಾಡು, ಗ್ಲೌಸುಗಳನ್ನು ಯೂರಿಯಾ ಚೀಲದಲ್ಲಿ ತುಂಬಿಕೊಂಡು ಬಂದಿದ್ದ. ಪಟ್ಟಿ ಓದಿದ ಮೇಲೂ ಅವನು ಪ್ಯಾಡ್ ಬಿಚ್ಚದೆ ಕೂತೇ ಇದ್ದ. ಬಸ್ಸಿನಲ್ಲಿ ನನ್ನ ಮಗ ಅಂದ: “ಅಪ್ಪಾ, ಅವನು ನನಗಿಂತ ಚೆನ್ನಾಗಿ ಆಡ್ತಾನೆ.” ಸುಮ್ಮನಿರು ಎಂದು ಗದರಿಸಿದೆ.

ನನ್ನ ಮಗ ಹೊಸ ತಾರೀಕನ್ನು ಪಾಠದ ಹಾಗೆ ಬಾಯಿಪಾಠ ಮಾಡಿದ. ಒಂದು ಸಲ ಶಿಬಿರದಲ್ಲಿದ್ದಾಗ ಅವನ ನಿಜವಾದ ಹುಟ್ಟುಹಬ್ಬ ಬಂತು. ಅವನ ಅಮ್ಮ ಫೋನ್ ಮಾಡಿದರೆ, “ಅಮ್ಮಾ, ಇವತ್ತು ವಿಶ್ ಮಾಡಬೇಡ, ಯಾರಾದ್ರೂ ಕೇಳಿಸ್ಕೋತಾರೆ” ಎಂದು ಪಿಸುಗುಟ್ಟಿ ಇಟ್ಟುಬಿಟ್ಟ. ಅವಳು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ.

2018ರಲ್ಲಿ ಹದಿನಾರರೊಳಗಿನವರ ಸಂಭವನೀಯರ ಪಟ್ಟಿಗೆ ಬಂದಾಗ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದರು. ಟಿಡಬ್ಲ್ಯು3 ಎಂಬ ಈ ವಿಧಾನದಲ್ಲಿ ಮೂಳೆಗಳು ಎಷ್ಟು ಬಲಿತಿವೆ ಎಂಬುದರಿಂದ ವಯಸ್ಸು ಅಂದಾಜು ಮಾಡುತ್ತಾರೆ. ಮಿತಿ ದಾಟಿದೆ ಎಂಬ ವರದಿ ಬಂತು, ಮಗ ವಾಪಸ್ ಬಂದ. ಬ್ಯಾಟನ್ನು ಅಟ್ಟಕ್ಕೆ ಹಾಕಿದವನು ಮತ್ತೆ ಇಳಿಸಲಿಲ್ಲ. ತನ್ನ ವಯಸ್ಸಿನವರ ನಡುವೆ ಅವನು ಎಷ್ಟು ಒಳ್ಳೆಯ ಆಟಗಾರನಾಗಿದ್ದ? ಅದನ್ನು ತಿಳಿಯುವ ಅವಕಾಶವನ್ನೇ ನಾನು ಅವನಿಗೆ ಕೊಟ್ಟಿರಲಿಲ್ಲ.

2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ (ಕೆಪಿಎಲ್) ಫಿಕ್ಸಿಂಗ್ ಪ್ರಕರಣ ಸಿಡಿಯಿತು. ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನೂ ತಂಡವೊಂದರ ಮಾಲೀಕರನ್ನೂ ಬಂಧಿಸಿದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೈಯುತ್ತಿದ್ದಾಗ ನಾನು ಉತ್ತರ ಪತ್ರಿಕೆಗಳಿಂದ ತಲೆ ಎತ್ತಲಿಲ್ಲ. ದುಡ್ಡು ಕ್ರಿಕೆಟನ್ನು ಕೆಡಿಸಿತು ಎನ್ನುತ್ತೇವೆ, ಸುಳ್ಳಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕೇ 48,390 ಕೋಟಿ ರೂಪಾಯಿಗೆ ಹೋಯಿತು. ಆಟಗಾರರ ಹರಾಜಿನ ದಿನ ಟಿವಿ ಮುಂದೆ ಕೂತ ಅಪ್ಪಂದಿರಿಗೆ ತಲೆ ತಿರುಗದೆ ಇರುತ್ತದೆಯೇ? ಆದರೆ ಅಫಿಡವಿಟ್‌ಗೆ ಸಹಿ ಹಾಕುವಾಗ ನನ್ನ ಕೈ ಹಿಡಿದು ಬರೆಸಿದವರು ಯಾರೂ ಇರಲಿಲ್ಲ.

2020ರ ಆಗಸ್ಟ್‌ನಲ್ಲಿ ಬಿಸಿಸಿಐ ಒಂದು ಯೋಜನೆ ಪ್ರಕಟಿಸಿತು. ವಯಸ್ಸು ತಿದ್ದಿದ್ದನ್ನು ಆಟಗಾರರು ತಾವಾಗಿ ಒಪ್ಪಿಕೊಂಡರೆ ಅಮಾನತು ಇಲ್ಲ, ಸರಿಯಾದ ವಯೋಗುಂಪಿನಲ್ಲಿ ಆಡಬಹುದು. ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ. ಒಳ್ಳೆಯದೇ. ಮೊಬೈಲಿನಲ್ಲಿ ಆ ಸುದ್ದಿ ತೋರಿಸಿದ ಮಗ ಕೇಳಿದ: “ಅವತ್ತು ಸೆಲೆಕ್ಟ್ ಆಗದವನಿಗೆ ಇದ್ರಲ್ಲಿ ಏನಿದೆ ಅಪ್ಪಾ?” ಏನೂ ಇರಲಿಲ್ಲ. ಎಕ್ಸ್‌ರೇ ತೆಗೆಯುವುದು ರಾಜ್ಯಮಟ್ಟ ತಲುಪಿದವರಿಗೆ. ಊರು, ಜಿಲ್ಲೆಯ ಆಯ್ಕೆಯಲ್ಲೇ ಜಾಗ ಕಳೆದುಕೊಂಡ ಹುಡುಗರ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ. ತಪಾಸಣೆ ಮೊದಲ ಮೆಟ್ಟಿಲಲ್ಲೇ ನಡೆಯಬೇಕೆಂದು ನಾನು ಈಗ ಸಿಕ್ಕಿದ ಕಡೆಯೆಲ್ಲ ವಾದಿಸುತ್ತೇನೆ.

ಮಗ ಹಾಗೆ ಕೇಳಿದ ವಾರವೇ ಮಂಡಿಗೆ ಹೋಗಿ ಆ ಹುಡುಗನ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. “ಅವನಿಗೆ ಆಟ ಹತ್ತಲ್ಲ ಅಂತ ತಿಳ್ಕೊಂಡು ನಾನೇ ಬಿಡಿಸ್ದೆ ಮೇಷ್ಟ್ರೇ, ಬ್ಯಾಟೂ ಮಾರ್ದೆ. ನಿಮ್ಮ ಹುಡುಗ ದೊಡ್ಡೋನು ಅಂತ ಗೊತ್ತಿದ್ದಿದ್ರೆ ಇನ್ನೊಂದು ವರ್ಷ ಆಡಿಸ್ತಿದ್ದೆ” ಎಂದರು.