ಗುಡ್ಡದಿಂದ ಕೆರೆಗೆ, ಟ್ಯಾಂಕರ್ ಹಿಂದೆ

ಸ್ಕೂಟರ್‌ನಲ್ಲಿ ಓಡಾಡೋ ನಮಗೆ ಜಯನಗರ, ಜೆ.ಪಿ. ನಗರ ಎಲ್ಲಾ ಸಮತಟ್ಟು ಅನ್ನಿಸುತ್ತೆ. ಊರಿನ ಹೆಸರುಗಳು ಬೇರೆಯೇ ಹೇಳುತ್ತವೆ: ರಾಗಿಗುಡ್ಡ, ಸಾರಕ್ಕಿ ಕೆರೆ, ಪುಟ್ಟೇನಹಳ್ಳಿ ಕೆರೆ. ಗುಡ್ಡದ ಕಡೆ ಏರು, ಕೆರೆಯ ಕಡೆ ಇಳಿಜಾರು. ನೀರಿನ ಟ್ಯಾಂಕರ್ ಎಳೆಯೋ ಟ್ರ್ಯಾಕ್ಟರ್ ಡ್ರೈವರ್‌ಗಳಿಗೆ ಇದು ಚೆನ್ನಾಗಿ ಗೊತ್ತು.

ಒಂದು ಲೀಟರ್ ನೀರು ಅಂದ್ರೆ ಒಂದು ಕಿಲೋ. 4,000 ಲೀಟರ್ ತುಂಬಿದರೆ 4 ಟನ್. ಎಳೆಯೋ ಟ್ರ್ಯಾಕ್ಟರ್ ಸಾಮಾನ್ಯವಾಗಿ 2 ಟನ್ ಆಸುಪಾಸು. ಟ್ಯಾಂಕರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಅದು ಟ್ರ್ಯಾಕ್ಟರನ್ನೇ ಮುಂದಕ್ಕೆ ತಳ್ಳುತ್ತೆ. ಅರ್ಧ ತುಂಬಿದ್ದರೆ ನೀರು ಒಳಗೇ ಹೊಯ್ದಾಡಿ ಇನ್ನೂ ಕಷ್ಟ. ಅದಕ್ಕೇ ಅನುಭವಸ್ಥರು ಕೊಂಡಿಯ ಪಿನ್ ನೋಡಿಯೇ ಹೊರಡ್ತಾರೆ, ಎಡ-ಬಲದ ಬ್ರೇಕ್ ಪೆಡಲ್ ಎರಡನ್ನೂ ಸೇರಿಸಿ ಲಾಕ್ ಮಾಡ್ತಾರೆ, ಇಳಿಜಾರಿಗೆ ಮುಂಚೆಯೇ ಕಡಿಮೆ ಗೇರ್ ಹಾಕ್ತಾರೆ.

2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಇದೇ ಟ್ಯಾಂಕರ್‌ಗಳಿಗೆ ಕಾದು ಕೂತಿದ್ದೆವು. ಬೇಗ ಬನ್ನಿ ಅಂತ ಫೋನ್ ಮಾಡೋರೂ ನಾವೇ, ಓವರ್‌ಟೇಕ್ ಮಾಡಿ ಅದರ ಮುಂದೆ ಗಕ್ಕನೆ ಬ್ರೇಕ್ ಹಾಕೋರೂ ನಾವೇ. ಟ್ರ್ಯಾಕ್ಟರ್ ಮುಂದೆ ಖಾಲಿ ಬಿಟ್ಟಿರೋ ಜಾಗ ನಮಗಲ್ಲ. ಆ 4 ಟನ್ ನಿಲ್ಲೋದಕ್ಕೆ.